ಪಾಲಾದ ಜೋಡಿ ಬ್ಯಾಟರಿ

ಶನಿವಾರ ಸಂಜೆ ಐದು ಹತ್ತಕ್ಕೆ, ಮನಿಲಾ ಹತ್ತಿರದ ಬಾಕೋರ್‌ನ ನಮ್ಮ ಬಾರಂಗೈನ, ಅಂದರೆ ವಾರ್ಡಿನ, ಬಾಸ್ಕೆಟ್‌ಬಾಲ್ ಅಂಗಳದಲ್ಲಿ, ಇ-ಸಿಗರೇಟಿನ ಆವಿಯ ಮೋಡ ಬಿಡುವ ಸ್ಪರ್ಧೆಯ ಫೈನಲ್‌ಗೆ ನಿಂತಿದ್ದ ಇಬ್ಬರ ವೇಪ್‌ಗಳೂ ಒಟ್ಟಿಗೆ ಕೈಕೊಟ್ಟವು.

ಎಡಕ್ಕೆ ಲಿಗಾಯಾ, ಬಲಕ್ಕೆ ದಾರ್ಯೊ. ನಿಯಮದಂತೆ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದರು. ಇಬ್ಬರೂ ಗುಂಡಿ ಒತ್ತಿದರು, ಕೆನ್ನೆ ಒಳಗೆ ಹೋಗುವಂತೆ ಎಳೆದರು. ಜನ ಉಸಿರು ಬಿಗಿಹಿಡಿದರು. ಇಬ್ಬರ ಬಾಯಿಂದಲೂ ಹೊರಬಂದದ್ದು ಅನ್ನದ ಪಾತ್ರೆಯ ಮುಚ್ಚಳ ಸರಿಸಿದರೆ ಬರುವಷ್ಟು ಆವಿ.

ಎರಡೂ ಪರದೆಗಳ ಮೇಲೆ ಒಂದೇ ಸೂಚನೆ ಮಿನುಗುತ್ತಿತ್ತು: ಬ್ಯಾಟರಿ ಸಾಲದು.

"ನಮ್ಮಜ್ಜಿ ಕೆಮ್ಮಿದ್ರೂ ಇದಕ್ಕಿಂತ ಜಾಸ್ತಿ ಬರುತ್ತೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಜೋಮಾರ್. ಇಬ್ಬರೂ ಸೋತರೆ ಅವರ ಅಂಗಡಿ ಅವನಿಗೆ ಸಿಗುತ್ತಿತ್ತು.

ಆ ಅಂಗಡಿಯ ಹೆಸರು 'ಊಲಾಪ್'. ನಮ್ಮ ಮಾತಿನಲ್ಲಿ ಹಾಗೆಂದರೆ ಮೋಡ. ಚರ್ಚಿನ ಪಕ್ಕದ ಟ್ರೈಸಿಕಲ್ ಸ್ಟ್ಯಾಂಡಿನ ಎದುರಿಗೆ, ಆಲಿಂಗ್ ಪಾಸಿಂಗ್ ಎಂಬ ವಿಧವೆಯ ಮನೆಯ ಕೆಳಗಡೆ, ಗೋಡೆ ಒಡೆದು ಮಾಡಿದ ಒಂದು ಕಿಟಕಿ, ಅದರ ಹಿಂದೆ ಒಂದು ಕಪಾಟಿನಷ್ಟು ಜಾಗ. ಒಳಗೆ ಇಬ್ಬರು ನಿಂತರೆ ಒಬ್ಬರು ತಿರುಗುವ ಮುಂಚೆ ಇನ್ನೊಬ್ಬರಿಗೆ ಹೇಳಬೇಕು. ಲಿಗಾಯಾ ಮತ್ತು ದಾರ್ಯೊ ಅದನ್ನು ಮೂರು ವರ್ಷ ಹೀಗೆ ಹೇಳಿ ಕೇಳಿ ತಿರುಗುತ್ತಾ ನಡೆಸಿದ್ದರು.

ದಾರ್ಯೊ ಊರಿನ ಬ್ಯಾಂಡಿನಲ್ಲಿ ಟ್ಯೂಬಾ ಊದುವವನು. ಸಿಗರೇಟಿನಿಂದ ಉಸಿರು ಸಾಲದೆ ಬ್ಯಾಂಡ್ ಮಾಸ್ತರರಿಂದ ಬೈಸಿಕೊಂಡ ಮೇಲೆ ವೇಪ್ ಹಿಡಿದ. ಅವನ ಮೊದಲ ವೇಪ್‌ಗೆ ಪರಿಮಳದ ರಸ ಕಾಯಿಸಿ ಆವಿ ಮಾಡುವ ತಂತಿಯ ಸುರುಳಿ ಸುತ್ತಿ ಕೊಟ್ಟವಳೇ ಲಿಗಾಯಾ. ಅವಳ ಕೈಯ ಸುರುಳಿ ನೋಡಿದರೆ ಯಂತ್ರ ಸುತ್ತಿದೆ ಅನ್ನಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತದು, ಒಂದು ಕೂದಲಿನಷ್ಟು ಸಂದು ಇರದು. ಇಮುಸ್, ದಾಸ್ಮರಿನ್ಯಾಸ್‌ನಿಂದಲೂ ಹುಡುಗರು ಮೋಟಾರ್‌ಸೈಕಲ್ ಹತ್ತಿ ಬಂದು ಸುತ್ತಿಸಿಕೊಂಡು ಹೋಗುತ್ತಿದ್ದರು. ಅವರೊಡನೆ ಮಾತಾಡಿ ನಗಿಸುವುದು ದಾರ್ಯೊನ ಕೆಲಸ. ಕಿಟಕಿಯ ಮೇಲೆ ಅವನ ಕೈಬರಹದ ಫಲಕವೊಂದು ತೂಗುತ್ತಿತ್ತು: 'ಒಂಟಿ ಬ್ಯಾಟರಿ ಕೇಳಬೇಡಿ. ಜೋಡಿ ಮಾತ್ರ.'

ಆ ಫಲಕಕ್ಕೆ ಕಾರಣವಿತ್ತು. ಇಂಥ ದೊಡ್ಡ ವೇಪ್‌ಗಳಲ್ಲಿ ಎರಡು ಬ್ಯಾಟರಿಗಳು ಸೇರಿ ಕೆಲಸ ಮಾಡುತ್ತವೆ. ಪಕ್ಕದ ಚಿಕ್ಕ ಗುಂಡಿ ಒತ್ತುತ್ತಾ ಹೋದರೆ ಪರದೆಯ ಅಂಕಿ ಇನ್ನೂರು ವಾಟ್‌ವರೆಗೆ ಏರುತ್ತದೆ. ವಾಟ್ ಏರಿದಷ್ಟೂ ಸುರುಳಿ ಹೆಚ್ಚು ಕಾಯುತ್ತದೆ, ಹತ್ತಿಯಲ್ಲಿರುವ ರಸ ಹೆಚ್ಚು ಆವಿಯಾಗುತ್ತದೆ, ಮೋಡ ದೊಡ್ಡದಾಗುತ್ತದೆ. ಆದರೆ ಪರದೆಯಲ್ಲಿ ಕಾಣುವುದು ನಾವು ಕೇಳಿದ ಅಂಕಿ. ಸಿಗುವುದು ಬ್ಯಾಟರಿ ಕೊಡುವಷ್ಟು. ಎರಡರಲ್ಲಿ ಯಾವುದು ಸೊರಗಿದೆಯೋ ಅದರ ವೋಲ್ಟ್ ಕುಸಿದ ಕೂಡಲೇ ಯಂತ್ರ ಕೈಚೆಲ್ಲುತ್ತದೆ. ಪಕ್ಕದಲ್ಲಿರುವುದು ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕೆ ಲೆಕ್ಕವಿಲ್ಲ. ಆದ್ದರಿಂದ ನಮ್ಮಲ್ಲಿ ತಿಳಿದವರು ಎರಡನ್ನು ಒಂದೇ ದಿನ ಕೊಳ್ಳುತ್ತಾರೆ, ಒಟ್ಟಿಗೆ ಚಾರ್ಜಿಗೆ ಹಾಕುತ್ತಾರೆ, ಒಟ್ಟಿಗೆ ಬಳಸುತ್ತಾರೆ, ಬೇರೆ ಬ್ಯಾಟರಿಯ ಜೊತೆ ಕೂಡಿಸುವುದಿಲ್ಲ. ಗುರುತು ತಪ್ಪದಿರಲೆಂದು ಎರಡಕ್ಕೂ ಒಂದೇ ಉಗುರುಬಣ್ಣದ ಚುಕ್ಕೆ ಇಡುತ್ತಾರೆ. ಲಿಗಾಯಾ ಮತ್ತು ದಾರ್ಯೊ ಇದನ್ನು ಪ್ರತಿ ಗಿರಾಕಿಗೂ ಹೇಳಿ ಹೇಳಿ ಅವರ ತಲೆ ತಿನ್ನುತ್ತಿದ್ದರು. ಸ್ಪರ್ಧೆಗೆಂದು ಎತ್ತಿಟ್ಟಿದ್ದ ಅವರ ಸ್ವಂತ ಜೋಡಿಗೆ ನೇರಳೆ ಚುಕ್ಕೆ ಇತ್ತು.

ಈ ಸ್ಪರ್ಧೆ ನಡೆಯುವ ಊರ ಹಬ್ಬಕ್ಕೆ ಒಂದು ತಿಂಗಳಿದ್ದಾಗ ಜಗಳವಾಯಿತು. ಅಂದು ಭಾನುವಾರ, ದಾರ್ಯೊನ ಮನೆಯವರು ಹೆಣ್ಣು ಕೇಳಲು ಲಿಗಾಯಾಳ ಮನೆಗೆ ಬರುವ ದಿನ. ಹನ್ನೊಂದು ಗಂಟೆಗೆ ಅವನ ತಾಯಿ ಬಂದರು, ಚಿಕ್ಕಪ್ಪ ಬಂದರು, ಬಾಳೆಲೆ ಸುತ್ತಿದ ಸಿಹಿ ಬಂತು. ಹುಡುಗ ಬರಲಿಲ್ಲ. ಪಕ್ಕದ ಊರಿನ ಮೆರವಣಿಗೆಗೆ ಟ್ಯೂಬಾದವನು ಸಿಗಲಿಲ್ಲವೆಂದು ಬ್ಯಾಂಡ್ ಮಾಸ್ತರರು ಬೆಳಿಗ್ಗೆ ಕರೆದಿದ್ದರು. ಒಂದು ಗಂಟೆಯ ಕೆಲಸ ತಾನೇ ಎಂದು ಇವನು ಹೋಗಿದ್ದ. ಆ ಮೆರವಣಿಗೆ ಊರೆಲ್ಲ ಸುತ್ತಿತು. ಅವನು ಚಿನ್ನದ ಗುಂಡಿಗಳ ಕೆಂಪು ಕೋಟು ತೊಟ್ಟು, ಹೆಗಲ ಮೇಲೆ ಟ್ಯೂಬಾ ಹೊತ್ತು, ಎರಡು ಗಂಟೆಗೆ ಬಾಗಿಲಲ್ಲಿ ಕಾಣಿಸಿಕೊಂಡಾಗ ಪಾನ್ಸಿಟ್ ತಣ್ಣಗಾಗಿ ಶಾವಿಗೆ ಗಂಟುಕಟ್ಟಿತ್ತು. ಲಿಗಾಯಾಳ ತಂದೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು.

"ಏನಿದು?" ಎಂದಳು ಲಿಗಾಯಾ.

"ಟ್ಯೂಬಾ."

"ಅದು ಕಾಣಿಸ್ತಿದೆ. ಹೆಣ್ಣು ಕೇಳೋಕ್ಕೆ ಬಂದ್ಯಾ, ಇಲ್ಲಾ ಹೆಣ ಎತ್ತೋಕ್ಕೆ ಬಂದ್ಯಾ?"

"ದಾರೀಲಿ ಇಡೋಕ್ಕೆ ಜಾಗ ಇರ್ಲಿಲ್ಲ ಕಣೇ. ಮನೆಗೆ ಹೋಗಿ ಇಟ್ಟು ಬಂದಿದ್ರೆ ಇನ್ನೂ ತಡ ಆಗೋದು."

ಬಾಗಿಲು ಅಗಲ ಸಾಲದೆ ಟ್ಯೂಬಾದ ಬಾಯಿ ಚೌಕಟ್ಟಿಗೆ ತಾಗಿ ಡೊಂಯ್ ಎಂದಿತು. ತಂದೆ ಎಚ್ಚರಗೊಂಡು, "ಊಟ ಆಯ್ತಾ?" ಎಂದು ಕೇಳಿದರು. ದಾರ್ಯೊನ ಊಟ ಮುಗಿಯುವಷ್ಟರಲ್ಲಿ ಆ ಸಂಬಂಧ ಮುರಿಯಿತು.

ಮರುದಿನ ಅಂಗಡಿ ಪಾಲಾಯಿತು. ಆಲಿಂಗ್ ಪಾಸಿಂಗ್ ಎದುರಿಗೇ ಸಾಮಾನು ಹಂಚಿಕೊಂಡರು. ತಂತಿಯ ಸುರುಳಿಯನ್ನು ಅಳೆದು ನಡುವೆ ಕತ್ತರಿಸಿದರು. ಹತ್ತಿಯ ಪೊಟ್ಟಣ ಹರಿದು ಎರಡು ಮಾಡಿದರು. ಮಾವಿನ ವಾಸನೆಯ ವೇಪ್ ರಸದ ಬಾಟಲಿ ಅವನಿಗೆ, ಕ್ಯಾರಮೆಲ್ ಪಾಯಸದ ಪರಿಮಳದ್ದು ಅವಳಿಗೆ. ಇಕ್ಕಳ ಅವನಿಗೆ, ಚಿಮಟ ಅವಳಿಗೆ. ಒಂದೇ ಮಾದರಿಯ ವೇಪ್ ಇಬ್ಬರಲ್ಲೂ ಇತ್ತು, ಅದಕ್ಕೆ ತಕರಾರಿಲ್ಲ. ಕೊನೆಗೆ ಮೇಜಿನ ಮೇಲೆ ಉಳಿದದ್ದು ನೇರಳೆ ಚುಕ್ಕೆಯ ಎರಡು ಬ್ಯಾಟರಿ.

"ಎರಡೂ ನನಗೆ ಬೇಕು," ಎಂದ ದಾರ್ಯೊ.

"ಬಣ್ಣ ನನ್ನದು. ಹಚ್ಚಿದ್ದು ನಾನು," ಎಂದಳು ಲಿಗಾಯಾ.

"ಮನಿಲಾದಿಂದ ಹೊತ್ಕೊಂಡು ಬಂದಿದ್ದು ನಾನು. ಜೀಪ್ನಿಯಲ್ಲಿ ನಿಂತ್ಕೊಂಡು ಬಂದೆ."

"ಹಂಗಾದ್ರೆ ಒಂದೊಂದು."

ದಾರ್ಯೊ ಕಿಟಕಿಯ ಮೇಲಿನ ತನ್ನ ಫಲಕವನ್ನೊಮ್ಮೆ ನೋಡಿದ. ಲಿಗಾಯಾಳೂ ನೋಡಿದಳು. ಇಬ್ಬರೂ ಅದನ್ನು ಓದಲಿಲ್ಲ ಎಂಬಂತೆ ಮುಖ ಮಾಡಿದರು.

"ನಿನ್ನ ಅರ್ಧ ಇಲ್ದೇನೂ ನನ್ನ ಅರ್ಧ ನಡೆಯುತ್ತೆ, ನೋಡ್ತಾ ಇರು," ಎಂದ ಅವನು.

"ನೀನು ನೋಡ್ತಾ ಇರು," ಎಂದು ಅವಳು ಒಂದನ್ನು ಎತ್ತಿಕೊಂಡಳು.

ಆಮೇಲೆ ಅಂಗಡಿಯನ್ನು ಸರದಿಯಲ್ಲಿ ನಡೆಸಿದರು, ಒಂದು ದಿನ ಅವಳು, ಒಂದು ದಿನ ಅವನು. ಅವಳ ದಿನ ಬಂದವರಿಗೆ ಅವಳು, "ನಿನ್ನೆ ಯಾವ ಪುಣ್ಯಾತ್ಮ ಸುತ್ತಿಕೊಟ್ಟ ಇದನ್ನ? ಬಟ್ಟೆ ಒಣಗಿಸೋ ತಂತಿ ಇದ್ದಂಗಿದೆ," ಎನ್ನುತ್ತಿದ್ದಳು. ಅವನ ದಿನ ಬಂದವರಿಗೆ ಅವನು, "ನಿನ್ನೆ ಯಾರಾದ್ರೂ ನಿನ್ನ ನೋಡಿ ನಕ್ರಾ? ಇಲ್ಲ ತಾನೇ? ಅದಕ್ಕೇ ಇವತ್ತು ಬಂದಿದ್ದೀಯ," ಎನ್ನುತ್ತಿದ್ದ. ಎದುರಿನ ಟ್ರೈಸಿಕಲ್‌ನವರು ಸವಾರಿ ಬಿಟ್ಟು ಇದನ್ನೇ ಕೇಳುತ್ತಾ ಕೂರತೊಡಗಿದರು. ಮಹಡಿಯ ಮೇಲಿದ್ದ ಆಲಿಂಗ್ ಪಾಸಿಂಗ್‌ಗೆ ಮಧ್ಯಾಹ್ನದ ನಿದ್ದೆ ತಪ್ಪಿತು. ಒಂದು ದಿನ ಅವರು ಇಬ್ಬರನ್ನೂ ಕರೆಸಿದರು.

"ಜಾಗ ನಂದು, ಮಾತೂ ನಂದು. ಹಬ್ಬಕ್ಕೆ ಮೋಡದ ಸ್ಪರ್ಧೆ ಇದೆ ಅಲ್ವಾ? ನಿಮ್ಮಿಬ್ಬರಲ್ಲಿ ಯಾರು ಕಪ್ ತರ್ತೀರೋ ಅಂಗಡಿ ಅವರಿಗೆ. ಇನ್ನೊಬ್ಬರು ನನ್ನ ಕಿಟಕಿ ಹತ್ರ ಸುಳೀಬಾರದು."

"ಇಬ್ಬರಿಗೂ ಬರದೇ ಇದ್ರೆ, ಆಲಿಂಗ್ ಪಾಸಿಂಗ್?" ಎಂದು ಕೇಳಿದ ದಾರ್ಯೊ.

"ನಮ್ಮ ಜೋಮಾರ್ ಮೀನುಂಡೆ ಕರಿಯೋಕ್ಕೆ ಜಾಗ ಕೇಳ್ತಾ ಇದ್ದಾನೆ. ಅವನಿಗೆ ಕೊಡ್ತೀನಿ. ಎಣ್ಣೆ ವಾಸನೆ ಆದ್ರೂ ಪರವಾಗಿಲ್ಲ, ಅದು ಮಾತಾಡಲ್ಲ."

ಜೋಮಾರ್ ಅವರ ಸೋದರಳಿಯ. ಅಂದೇ ಬಂದು ಬಾಣಲೆ ಎಲ್ಲಿಡುವುದೆಂದು ಗೇಣು ಹಾಕಿ ಅಳೆದು ಹೋದ.

ಲಿಗಾಯಾ ಮನೆಯಲ್ಲಿ ಅಭ್ಯಾಸಕ್ಕೆ ಕೂತಳು. ಒಂಟಿ ನೇರಳೆ ಬ್ಯಾಟರಿಗೆ ಜೊತೆ ಬೇಕಿತ್ತು. ಸಂತೆಬೀದಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಕೂತವನೊಬ್ಬನಿಂದ ಒಂದು ತಂದಳು. ಅದಕ್ಕೆ ಹೊಳೆಯುವ ಚಿನ್ನದ ಬಣ್ಣದ ಹೊದಿಕೆ, ಮೇಲೆ ಮೂವತ್ತೈದು ಆಂಪಿಯರ್ ಎಂಬ ದೊಡ್ಡ ಅಕ್ಷರ. ಮೂರು ವರ್ಷ ಇಂಥ ಸುಳ್ಳು ಅಂಕಿಯ ಬ್ಯಾಟರಿಗಳನ್ನು ಗಿರಾಕಿಗಳ ಕೈಯಿಂದ ಕಿತ್ತು ಕಸಕ್ಕೆ ಹಾಕಿದವಳು ಅವಳೇ. ಹೊಸ ಜೋಡಿ ತರಿಸಬಹುದಿತ್ತು. ಆದರೆ ಆಗ ನೇರಳೆಯ ಅರ್ಧ ಪೆಟ್ಟಿಗೆ ಸೇರಬೇಕು, ಅವನ ಅರ್ಧವಿಲ್ಲದೆ ತನ್ನದು ನಡೆಯದು ಎಂದು ಒಪ್ಪಿಕೊಂಡಂತಾಗುತ್ತದೆ. ಚಿನ್ನದ್ದನ್ನು ಒಳಗೆ ತುರುಕಿ ಮುಚ್ಚಳ ಹಾಕಿದಳು.

ತೊಂಬತ್ತು ವಾಟ್‌ವರೆಗೆ ಸರಿಯಾಗಿಯೇ ನಡೆಯಿತು. ನೂರು ದಾಟಿದರೆ ಮೋಡ ಬೆಳೆಯುತ್ತಿರಲಿಲ್ಲ, ಬರೀ ಅಂಕಿ ಬೆಳೆಯುತ್ತಿತ್ತು. ಬ್ಯಾಟರಿ ತಾಗುವ ಜಾಗಗಳನ್ನೆಲ್ಲ ಸ್ಪಿರಿಟ್ ಹಾಕಿ ಉಜ್ಜಿದಳು. ಸುರುಳಿಯ ಸುತ್ತು ಕಡಿಮೆ ಮಾಡಿದಳು, ದಪ್ಪ ತಂತಿ ಹಾಕಿದಳು. ಅದು ಚಿಪ್ ಇಲ್ಲದ, ಕೊಳವೆಯಂಥ ಹಳೆಯ ವೇಪ್‌ಗಳಲ್ಲಿ ನಡೆಯುವ ಉಪಾಯ. ಚಿಪ್ ಇರುವ ಯಂತ್ರದಲ್ಲಿ ಬ್ಯಾಟರಿಯ ಮೇಲೆ ಬೀಳುವ ಹೊರೆ ಕೇಳಿದ ವಾಟ್‌ನಷ್ಟು, ಸುರುಳಿ ಯಾವುದಾದರೂ ಅಷ್ಟೇ. ಇದು ಅವಳಿಗೆ ಗೊತ್ತಿತ್ತು. ಆದರೂ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಮನೆಯ ತುಂಬ ಕ್ಯಾರಮೆಲ್ ವಾಸನೆ ತುಂಬಿ ಅವಳ ತಂದೆ ದಿನಕ್ಕೆರಡು ಸಲ ಅಡುಗೆಮನೆಗೆ ಬಂದು ಪಾಯಸ ಹುಡುಕಿದರು.

ಬ್ಯಾಂಡಿನ ಅಭ್ಯಾಸದ ಕೋಣೆಯಲ್ಲಿ ದಾರ್ಯೊನ ಸ್ಥಿತಿಯೂ ಇದೇ. ಅವನೂ ಅದೇ ಪ್ಲಾಸ್ಟಿಕ್ ಹಾಳೆಯವನಿಂದ ಅದೇ ಚಿನ್ನದ ಹೊದಿಕೆಯದ್ದು ತಂದಿದ್ದ. ಡ್ರಮ್ಮಿನವನು ಅದನ್ನು ಕೈಯಲ್ಲಿ ತೂಗಿ ನೋಡಿದ.

"ದಾರ್ಯೊ ಪಾರೆ, ದೋಸ್ತಾ, ಇದರೊಳಗೆ ಮರಳು ತುಂಬಿದಾರಾ?"

"ಸುಮ್ನಿರೋ. ಮೂವತ್ತೈದು ಆಂಪಿಯರ್ ಅಂತ ಬರೆದಿದೆ."

"ನನ್ನ ಬನಿಯನ್ ಮೇಲೆ ಚಾಂಪಿಯನ್ ಅಂತ ಬರೆದಿದೆ."

ಹಬ್ಬದ ಶನಿವಾರ ಅಂಗಳದ ಒಂದು ಗೋಡೆಗೆ ಕಪ್ಪು ಬಟ್ಟೆ ಕಟ್ಟಿ, ಅದರ ಮೇಲೆ ಅಡಿಯಡಿಗೂ ಬಿಳಿ ಗೆರೆ ಎಳೆದಿದ್ದರು. ತೀರ್ಪುಗಾರರು ಮಾಂಗ್ ತೆರೊಯ್, ಟ್ರೈಸಿಕಲ್ ಸಂಘದ ಅಧ್ಯಕ್ಷರು. ಒಂದು ಕೈಯಲ್ಲಿ ಅಳತೆ ಟೇಪು, ಇನ್ನೊಂದರಲ್ಲಿ ಜನ ಹಾಡುವ ವಿಡಿಯೊಕೆ ಯಂತ್ರದ ಮೈಕು. ಪ್ರವೇಶದ ಮೇಜಿನಲ್ಲಿ ಪ್ರತಿಯೊಬ್ಬರ ವಯಸ್ಸಿನ ಗುರುತಿನ ಚೀಟಿ ನೋಡಿದರು, ಬ್ಯಾಟರಿಯ ಹೊದಿಕೆ ಹರಿದಿಲ್ಲವೆಂದು ಪರೀಕ್ಷಿಸಿ ಹಸಿರು ಚೀಟಿ ಅಂಟಿಸಿದರು. ಒಬ್ಬರಿಗೆ ಎರಡೇ ಬ್ಯಾಟರಿ. ಹಸಿರು ಚೀಟಿ ಇಲ್ಲದ್ದನ್ನು ಹಾಕಿದರೆ ಆಟದಿಂದ ಹೊರಗೆ. ಮಧ್ಯೆ ಚಾರ್ಜ್ ಮಾಡುವಂತಿಲ್ಲ.

ತೊಂಬತ್ತು ವಾಟ್‌ನಲ್ಲೇ ಇಬ್ಬರೂ ಫೈನಲ್‌ಗೆ ಬಂದರು. ಅವಳನ್ನು ತಂದದ್ದು ಅವಳ ಸುರುಳಿ, ಅವನನ್ನು ತಂದದ್ದು ಟ್ಯೂಬಾದ ಉಸಿರು. ಫೈನಲ್‌ನ ಮೊದಲ ಸಲ ಇಬ್ಬರ ಮೋಡವೂ ಒಂಬತ್ತನೇ ಗೆರೆಗೆ ಮುಟ್ಟಿತು. ಎರಡನೇ ಸಲವೂ ಒಂಬತ್ತೇ. ಮಾಂಗ್ ತೆರೊಯ್ ಮೈಕಿನಲ್ಲಿ, "ಇವರಿಬ್ಬರನ್ನ ಒಂದೇ ತಕ್ಕಡಿಯಲ್ಲಿ ತೂಗಿ ಮಾರಿದಂಗಿದೆ!" ಎಂದರು. ಮೂರನೇ ಸಲವೇ ಕೊನೆ. ಅಲ್ಲೂ ಸಮವಾದರೆ ಕಪ್ ಯಾರಿಗೂ ಇಲ್ಲ.

ಬೆನ್ನಿಗೆ ಬೆನ್ನು ಕೊಟ್ಟವರು ಒಬ್ಬರನ್ನೊಬ್ಬರು ನೋಡುವಂತಿರಲಿಲ್ಲ. ನೋಡಿದ್ದರೆ ಇಬ್ಬರ ಹೆಬ್ಬೆರಳೂ ಒಂದೇ ಕೆಲಸ ಮಾಡುತ್ತಿದ್ದದ್ದು ಕಾಣುತ್ತಿತ್ತು: ನೂರು, ನೂರಿಪ್ಪತ್ತು, ನೂರೈವತ್ತು, ನೂರೆಂಬತ್ತು. ಆಮೇಲೆ ಗುಂಡಿ ಒತ್ತಿದರು. ಆಮೇಲಿನದ್ದು ಮೊದಲೇ ಹೇಳಿದೆ.

ಲಿಗಾಯಾ ಅಂಕಿಯನ್ನು ತೊಂಬತ್ತಕ್ಕೆ ಇಳಿಸಿದಳು. ಆಗಲಿಲ್ಲ. ಅರವತ್ತಕ್ಕೆ ಇಳಿಸಿದಳು. ಆಗಲಿಲ್ಲ. ಚಿನ್ನದ ಬ್ಯಾಟರಿಯಲ್ಲಿ ಇದ್ದದ್ದೇ ಇಷ್ಟು, ಅದು ಮುಗಿದಿತ್ತು.

"ಉಪಕರಣ ಕೆಟ್ಟರೆ ಹತ್ತು ನಿಮಿಷ ಬಿಡುವು, ಅದೂ ನಿಯಮ," ಎಂದು ಮಾಂಗ್ ತೆರೊಯ್ ಗಡಿಯಾರ ನೋಡಿಕೊಂಡರು. "ಅಷ್ಟರೊಳಗೆ ಎಬ್ಬಿಸಿದ್ರೆ ಮೂರನೇದನ್ನ ಮತ್ತೆ ಆಡಿಸ್ತೀನಿ. ಇಲ್ಲ ಅಂದ್ರೆ ಕಪ್ ನಮ್ಮ ಸಂಘದ ಕಪಾಟಿಗೆ."

"ಆತೆ ಲಿಗಾಯಾ, ಕುಯಾ ದಾರ್ಯೊ," ಎಂದು ಅಕ್ಕ, ಅಣ್ಣ ಹಚ್ಚಿ ಕರೆದು ಜೋಮಾರ್ ಬೇಲಿಯ ಮೇಲಿಂದ ಬಾಗಿದ, "ಸೋಮವಾರ ಬನ್ನಿ, ಮೊದಲ ತಟ್ಟೆ ಇಬ್ಬರಿಗೂ ಪುಕ್ಕಟೆ. ಖಾರ ಹಾಕಲಾ, ಸಿಹಿ ಹಾಕಲಾ?"

"ಬಾಯಿಗೆ ಬಾಣಲೆ ಮುಚ್ಕೊ," ಎಂದರು ಇಬ್ಬರೂ ಒಟ್ಟಿಗೆ. ಒಟ್ಟಿಗೆ ಹೇಳಿದ್ದಕ್ಕೆ ಇಬ್ಬರಿಗೂ ಸಿಟ್ಟು ಬಂತು.

ಅವರಿಬ್ಬರೂ ಅಂಗಳದ ನಡುವೆ ನೆಲದ ಮೇಲೆ ಕೂತು ವೇಪ್‌ಗಳ ಮುಚ್ಚಳ ತೆಗೆದರು. ನಾಲ್ಕು ಬ್ಯಾಟರಿ ಹೊರಬಂದವು. ಎರಡಕ್ಕೆ ನೇರಳೆ ಚುಕ್ಕೆ, ಎರಡಕ್ಕೆ ಚಿನ್ನದ ಹೊದಿಕೆ. ಲಿಗಾಯಾ ಅವನ ಚಿನ್ನದ್ದನ್ನು ನೋಡಿದಳು. ಅವನು ಅವಳದ್ದನ್ನು ನೋಡಿದ.

"ಪ್ಲಾಸ್ಟಿಕ್ ಹಾಳೆಯವನ ಹತ್ರ?" ಎಂದಳು.

"ನೀನೂನಾ?"

"ನನಗೆ ಮೊಬೈಲ್ ಕವರ್ ಕೂಡ ಪುಕ್ಕಟೆ ಕೊಟ್ಟ."

"ನನಗೆ ಕೊಡ್ಲಿಲ್ವಲ್ಲ ಕಳ್ಳ!"

ಅವಳಿಗೆ ನಗು ಬಂತು. ಅದನ್ನು ತಡೆಯಲು ಕೆಮ್ಮಿದಳು. ಜನ ಬೇಲಿಗೆ ಒತ್ತಿಕೊಂಡು ಬಂದರು. ಈಗ ಲೆಕ್ಕ ಎಲ್ಲರಿಗೂ ಅರ್ಥವಾಗಿತ್ತು. ಅವರ ಬಳಿ ಹಸಿರು ಚೀಟಿ ಇದ್ದು ಜೀವ ಇರುವ ಬ್ಯಾಟರಿ ನೇರಳೆ ಚುಕ್ಕೆಯ ಈ ಎರಡೇ. ಒಬ್ಬರು ಬಿಟ್ಟುಕೊಟ್ಟರೆ ಇನ್ನೊಬ್ಬರ ಯಂತ್ರ ಏಳುತ್ತದೆ, ಅಂಗಡಿಯೂ ಅವರಿಗೇ ಹೋಗುತ್ತದೆ. ಬಿಟ್ಟುಕೊಟ್ಟವರು ಕಿಟಕಿಯ ಹತ್ತಿರ ಸುಳಿಯುವಂತಿಲ್ಲ. ಇಬ್ಬರೂ ಹಟ ಹಿಡಿದರೆ ಮೀನುಂಡೆ.

"ನಿನ್ನದು ಕೊಡು," ಎಂದಳು.

"ನಿನ್ನದು ಕೊಡು," ಎಂದ.

"ನಾನ್ಯಾಕೆ ಕೊಡ್ಲಿ? ಪಾನ್ಸಿಟ್ ತಣ್ಣಗೆ ಮಾಡಿದ್ದು ಯಾರು?"

"ಆ ಪಾನ್ಸಿಟ್ ನಾನು ತಿಂದೆ. ಗಂಟು ಗಂಟಾಗಿದ್ರೂ ಅಷ್ಟೂ ತಿಂದೆ. ಅದನ್ನ ಯಾಕೆ ಹೇಳಲ್ಲ?"

"ತಿಂದು ಚೆನ್ನಾಗಿದೆ ಅಂತ ಬೇರೆ ಅಂದೆ! ಅವತ್ತೇ ನಿನ್ನ ಮೇಲಿನ ನಂಬಿಕೆ ಹೋಯ್ತು!"

"ಹೋಯ್, ನಿಮಿಷ ಹೋಗ್ತಿದೆ!" ಎಂದು ಬೇಲಿಯಿಂದ ಕೂಗಿದರು. "ಸಂಸಾರ ಆಮೇಲೆ ಮಾಡ್ರೋ, ಮೊದಲು ಮೋಡ ಬಿಡಿ!"

ಆಗ ಡ್ರಮ್ಮಿನವನು ಬೇಲಿ ಹಾರಿ ಬಂದು ವೋಲ್ಟ್ ಅಳೆಯುವ ಮೀಟರೊಂದನ್ನು ಅವರ ನಡುವೆ ಇಟ್ಟ. "ಮೊದಲು ಇವು ಕೂಡ್ತಾವಾ ನೋಡ್ರಪ್ಪ. ತಿಂಗಳು ದೂರ ಇದ್ದಾವೆ. ಕೂಡಲ್ಲ ಅಂದ್ರೆ ಜಗಳ ಯಾಕೆ?"

ಅದು ಸರಿಯಾದ ಮಾತು. ಒಂದು ತುಂಬಿ ಇನ್ನೊಂದು ಬರಿದಾಗಿದ್ದರೆ ಜೋಡಿಸುವುದು ಅಪಾಯ. ವಿಡಿಯೊಕೆ ಯಂತ್ರವನ್ನು ಯಾರೋ ಆರಿಸಿದರು. ಲಿಗಾಯಾ ತನ್ನದರ ಎರಡು ತುದಿಗೆ ಮೀಟರಿನ ಕಡ್ಡಿ ಹಿಡಿದಳು. ಮೂರು ದಶಮಾಂಶ ಒಂಬತ್ತು ಒಂದು. ದಾರ್ಯೊ ತನ್ನದಕ್ಕೆ ಹಿಡಿದ. ಮೂರು ದಶಮಾಂಶ ಒಂಬತ್ತು ಸೊನ್ನೆ.

ಮಾಂಗ್ ತೆರೊಯ್ ಅದನ್ನು ಮೈಕಿನಲ್ಲಿ ಲಾಟರಿ ಸಂಖ್ಯೆಯಂತೆ ಓದಿದರು. ಅಂಗಳದ ತಗಡಿನ ಚಾವಣಿ ಹಾರಿಹೋಗುವಂತೆ ಕೂಗು ಎದ್ದಿತು. ಇದರಲ್ಲಿ ಪವಾಡವೇನೂ ಇರಲಿಲ್ಲ. ಇಬ್ಬರೂ ಅಷ್ಟೇ ದಿನ ಅಭ್ಯಾಸ ಮಾಡಿದ್ದರು, ಬೆಳಿಗ್ಗೆ ಇಬ್ಬರೂ ಪೂರ್ತಿ ತುಂಬಿಸಿ ತಂದಿದ್ದರು, ಅಷ್ಟೇ ಸುತ್ತು ಆಡಿದ್ದರು, ಅದೇ ವಾಟ್‌ನಲ್ಲಿ. ಬೇರೆ ಬೇರೆ ಮನೆಯಲ್ಲಿದ್ದರೂ ಎರಡು ಬ್ಯಾಟರಿಗಳೂ ಒಂದೇ ಸಮ ದುಡಿದಿದ್ದವು.

ದಾರ್ಯೊ ತನ್ನ ಅರ್ಧವನ್ನು ಅಂಗೈಯಲ್ಲಿಟ್ಟುಕೊಂಡು ಅವಳ ಮುಂದೆ ಚಾಚಿದ.

"ತಗೋ."

ಲಿಗಾಯಾ ಮುಟ್ಟಲಿಲ್ಲ. "ಏನು, ಊರ ಮುಂದೆ ದೊಡ್ಡ ಮನಸ್ಸು ತೋರಿಸ್ತಿದ್ದೀಯಾ?"

"ಇಲ್ಲ ಕಣೇ. ನೂರೆಂಬತ್ತು ವಾಟ್ ಬಂದ್ರೆ ನನ್ನ ಸುರುಳಿಯ ಹತ್ತಿ ಸುಟ್ಟು ಕರಕಲಾಗುತ್ತೆ. ನಾನೇ ಸುತ್ತಿದ್ದು. ಬಟ್ಟೆ ಒಣಗಿಸೋ ತಂತಿ ಅಂದ್ಯಲ್ಲ, ನಿಜವೇ. ನಿನ್ನದು ತಡ್ಕೊಳ್ಳುತ್ತೆ."

"ಅಂಗಡಿ ಹೋಗುತ್ತೆ ನಿನಗೆ."

"ಗೊತ್ತು."

"ಕಿಟಕಿ ಹತ್ರ ಸುಳಿಯೋ ಹಾಗಿಲ್ಲ."

"ಗೊತ್ತು ಅಂದ್ನಲ್ಲ. ಮೀನುಂಡೆ ವಾಸನೆ ಬರೋ ಬದಲು ನಿನ್ನ ಬಾಯಿ ಕೇಳಿಸ್ಲಿ ಆ ಜಾಗದಲ್ಲಿ. ತಗೋ, ಬೇಗ."

ಅವಳು ತಗೊಂಡಳು. ನೇರಳೆ ಚುಕ್ಕೆಗಳೆರಡೂ ಅಕ್ಕಪಕ್ಕ ಕೂತವು. ಮುಚ್ಚಳ ಟಕ್ಕೆಂದಿತು. ಪರದೆ ಬೆಳಗಿತು. ಹತ್ತಿಗೆ ಹೊಸದಾಗಿ ರಸ ಹನಿಸಿದಳು. ಅಂಕಿ ನೂರೆಂಬತ್ತರಲ್ಲೇ ನಿಂತಿತ್ತು, ಅದನ್ನು ಇಳಿಸಲಿಲ್ಲ.

"ಕುತ್ತಿಗೆಯಿಂದ ಎಳೀಬೇಡ," ಎಂದ ದಾರ್ಯೊ ಬೆನ್ನು ಕೊಟ್ಟು ನಿಂತು. "ಹೊಟ್ಟೆಯಿಂದ. ಪಕ್ಕೆ ಅಗಲ ಆಗ್ಬೇಕು. ಟ್ಯೂಬಾ ಊದೋವಾಗ ನಾನು ಹೇಗೆ ನಿಲ್ತೀನಿ?"

"ಬಾತುಕೋಳಿ ತರ."

"ಹಾಂ, ಹಾಗೇ ನಿಲ್ಲು."

ಅವಳು ಬಾತುಕೋಳಿಯ ಹಾಗೆ ನಿಂತಳು. ಡ್ರಮ್ಮಿನವನಿಗೆ ಯಾರೂ ಹೇಳಿರಲಿಲ್ಲ, ಸಂಜೆಯ ಮೆರವಣಿಗೆಗೆಂದು ತಂದಿದ್ದ ಡ್ರಮ್ಮನ್ನು ಸಣ್ಣಗೆ ಗುಡುಗಿಸತೊಡಗಿದ. ಲಿಗಾಯಾ ಗುಂಡಿ ಒತ್ತಿದಳು. ಯಂತ್ರದೊಳಗಿಂದ ಬಾಣಲೆಗೆ ಒಗ್ಗರಣೆ ಬಿದ್ದಂಥ ಸದ್ದು ಬಂತು. ಎಳೆದಳು. ಇನ್ನೂ ಎಳೆದಳು. ಡ್ರಮ್ಮು ಏರುತ್ತಾ ಹೋಯಿತು. ಮುಂದಿನ ಸಾಲಿನ ಒಬ್ಬ ಹೆಂಗಸು, "ಸಾಕು ಮಗಳೇ, ಬಿಡು, ಸತ್ತುಹೋಗ್ತೀಯ!" ಎಂದರು.

ಬಿಟ್ಟಳು.

ಮೊದಲ ಕ್ಷಣ ಅದು ಹಾಲಿನ ಬಣ್ಣದ ಒಂದು ಕಂಬದಂತೆ ನೇರ ಹೋಯಿತು. ಐದನೇ ಗೆರೆ, ಒಂಬತ್ತನೇ ಗೆರೆ, ಹನ್ನೆರಡು. ಆಮೇಲೆ ಗೆರೆಗಳು ಮುಗಿದವು, ಮೋಡ ಮುಗಿಯಲಿಲ್ಲ. ಕಪ್ಪು ಬಟ್ಟೆಯ ಅಂಚು ದಾಟಿ, ಬಾಸ್ಕೆಟ್‌ನ ಬಳೆಯನ್ನು ನುಂಗಿ, ಬೇಲಿ ಹಾಯ್ದು ಜೋಮಾರ್‌ನನ್ನು ಮುಚ್ಚಿ, ವಿಡಿಯೊಕೆ ಯಂತ್ರದ ಮೇಲೆ ಹೊದಿಕೆಯಂತೆ ಹರಡಿತು. ಇಡೀ ಅಂಗಳ ಕ್ಯಾರಮೆಲ್ ಪಾಯಸದ ಪರಿಮಳದಲ್ಲಿ ಮುಳುಗಿತು. ಎಲ್ಲೋ ಒಂದು ಹುಂಜ ಬೆಳಗಾಯಿತೆಂದು ಕೂಗಿತು. ಮೋಡದೊಳಗಿಂದ ಮಾಂಗ್ ತೆರೊಯ್ ದನಿ ಮೈಕಿನಲ್ಲಿ ಕೇಳಿಸಿತು:

"ಟೇಪಿನ ಇನ್ನೊಂದು ತುದಿ ಯಾರ ಹತ್ರ ಇದೆ? ಹಲೋ? ಯಾರಾದ್ರೂ ಹಿಡ್ಕೊಂಡಿದ್ದೀರಾ?"

"ನಾನು ಹಿಡ್ಕೊಂಡಿದ್ದೀನಿ!" ಎಂದು ಯಾರೋ ಕೂಗಿದರು.

"ನೀನ್ಯಾರು?"

"ಗೊತ್ತಾಗ್ತಿಲ್ಲ ಮಾಂಗ್ ತೆರೊಯ್, ನನಗೇ ನಾನು ಕಾಣಿಸ್ತಿಲ್ಲ!"

ಮೋಡ ತೆಳುವಾದಾಗ ಬ್ಯಾಂಡಿನವರೆಲ್ಲ ಊದಲು ಶುರುಮಾಡಿದ್ದರು, ಒಬ್ಬೊಬ್ಬರು ಒಂದೊಂದು ಹಾಡು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ಆಮೇಲೆ ಯಾರನ್ನು ತಬ್ಬಿಕೊಂಡಿದ್ದೇವೆಂದು ನೋಡಿ ಕ್ಷಮೆ ಕೇಳುತ್ತಿದ್ದರು. ಆಲಿಂಗ್ ಪಾಸಿಂಗ್ ಬೀಸಣಿಗೆ ಬೀಸುತ್ತಾ ಪಕ್ಕದವರಿಗೆ, "ಪಾಯಸ ಎಲ್ಲಿ ಹಂಚ್ತಿದ್ದಾರೆ?" ಎಂದು ಕೇಳಿದರು.

ನಿಯಮದಂತೆ ದಾರ್ಯೊನೂ ತನ್ನ ಸರದಿ ತೀರಿಸಿದ. ಎರಡು ಚಿನ್ನದ ಬ್ಯಾಟರಿ ಹಾಕಿ ಗುಂಡಿ ಒತ್ತಿದ. ಪರದೆ ಒಮ್ಮೆ ಬೆಳಗಿ ಆರಿತು. ಅವನು ಸಭೆಗೆ ತಲೆಬಾಗಿ ನಮಸ್ಕರಿಸಿದ. ಲಿಗಾಯಾಳಿಗಿಂತ ಅವನಿಗೇ ಹೆಚ್ಚು ಚಪ್ಪಾಳೆ ಬಿತ್ತು ಎಂದು ಅವಳು ಇಂದಿಗೂ ದೂರುತ್ತಾಳೆ. ಕಪ್ ಅವಳಿಗೆ ಬಂತು. ಅದರ ತುದಿಯಲ್ಲಿ ಚೆಂಡು ಎಸೆಯುವ ಆಟಗಾರನ ಬೊಂಬೆ ಇತ್ತು. ಕಪ್ ಮಾರುವ ಅಂಗಡಿಯಲ್ಲಿ ಬೇರೆ ಬಗೆಯದ್ದು ಇರಲಿಲ್ಲವಂತೆ.

ಸೋಮವಾರ ಬೆಳಿಗ್ಗೆ ಲಿಗಾಯಾ ಊಲಾಪ್ ತೆರೆದು ಕಪ್ಪನ್ನು ಕಿಟಕಿಯಲ್ಲಿಟ್ಟಳು. ಸ್ವಲ್ಪ ಹೊತ್ತಿಗೆ ದಾರ್ಯೊ ರಸ್ತೆಯ ಆಚೆ ಬದಿಯಲ್ಲಿ, ಟ್ರೈಸಿಕಲ್‌ಗಳ ನಡುವೆ, ಬಿಸಿ ಪಾಂದೆಸಾಲ್ ಬನ್ನುಗಳ ಕಾಗದದ ಚೀಲ ಹಿಡಿದು ನಿಂತದ್ದು ಕಾಣಿಸಿತು.

"ಏನು ಬೇಕು?" ಎಂದು ಅವಳು ಕಿಟಕಿಯಿಂದಲೇ ಕೂಗಿದಳು.

"ನನ್ನ ಪಾಲಿನ ಬ್ಯಾಟರಿ."

"ಬೋರ್ಡ್ ಓದು."

"ಅದನ್ನ ಬರೆದಿದ್ದೇ ನಾನು."

"ಹಾಗಾದ್ರೆ ಓದೋಕ್ಕೆ ಕಷ್ಟ ಇಲ್ಲ. ಒಂಟಿ ಕೊಡಲ್ಲ."

"ಮತ್ತೆ ಏನು ಮಾಡ್ಲಿ ನಾನು? ಇಲ್ಲೇ ನಿಂತಿರ್ಲಾ?"

"ಎರಡನ್ನೂ ಚಾರ್ಜಿಗೆ ಹಾಕಿದ್ದೀನಿ. ತುಂಬೋ ತನಕ ಒಳಗೆ ಬಂದು ಕೂತ್ಕೊ."

ದಾರ್ಯೊ ಮಹಡಿಯ ಕಡೆ ನೋಡಿದ. ಆಲಿಂಗ್ ಪಾಸಿಂಗ್ ಮೇಲಿನ ಕಿಟಕಿಯಿಂದ ತಲೆ ಹೊರಹಾಕಿದ್ದರು.

"ಸುಳೀಬಾರದು ಅಂದಿದ್ರಿ," ಎಂದ.

"ಅಂದಿದ್ದೆ. ಆ ಚೀಲದಲ್ಲಿ ಬೆಣ್ಣೆ ಹಚ್ಚಿದ್ದು ಇದೆಯಾ, ಇಲ್ವಾ?"

"ಇದೆ, ಆಲಿಂಗ್ ಪಾಸಿಂಗ್."

"ಎರಡು ಮೇಲಕ್ಕೆ ಕಳಿಸು. ಆಮೇಲೆ ಒಳಗೆ ಹೋಗು. ಮಧ್ಯಾಹ್ನ ಮಾತ್ರ ಬಾಯಿ ಮುಚ್ಕೊಂಡಿರಿ."

ಜೋಮಾರ್ ಆ ವಾರವೇ ಟ್ರೈಸಿಕಲ್ ಸ್ಟ್ಯಾಂಡಿನಲ್ಲಿ ಮೀನುಂಡೆಯ ತಳ್ಳುಗಾಡಿ ಹಾಕಿದ. ಹೆಣ್ಣು ಕೇಳುವ ಶಾಸ್ತ್ರವನ್ನು ಮತ್ತೆ ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಇಟ್ಟರು. ದಾರ್ಯೊ ಟ್ಯೂಬಾವನ್ನು ಬ್ಯಾಂಡಿನ ಕೋಣೆಯಲ್ಲಿ ಬಿಟ್ಟು ಹತ್ತೂವರೆಗೇ ಬಂದ. ಪಾನ್ಸಿಟ್ ಇನ್ನೂ ಒಲೆಯ ಮೇಲಿತ್ತು.